ಅಪ್‌ಡೇಟ್: ಮಗು ಈಗ ಚೆನ್ನಾಗಿ ಹಾಲು ಕುಡಿಯುತ್ತಿದೆ
ಮಗುವಿಗೆ ಎದೆಹಾಲು ಕೊಡುವಾಗ ತೊಟ್ಟು ಬಿರಿದು ಉರಿಯುತ್ತದೆ, ಹಾಲೂ ಸಾಲ್ತಿಲ್ಲವೇನೋ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಈಗ ಸರಿಹೋಗಿದೆ.

ಕೆಲಸಕ್ಕೆ ಬಂದಿದ್ದು ಮಗುವನ್ನು ಹಿಡಿಯುವ ರೀತಿ ಬದಲಿಸಿ ಅಂದವರ ಸಲಹೆ. ನಮ್ಮೂರ ಆಶಾ ಕಾರ್ಯಕರ್ತೆ ಅಕ್ಕ ಪಕ್ಕದಲ್ಲೇ ಕೂತು ತೋರಿಸಿದರು. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಇರಬೇಕು. ತುಟಿಗೆ ತೊಟ್ಟು ತಾಗಿಸಿ ಸುಮ್ನೆ ಕಾಯಬೇಕು. ಆಕಳಿಸಿದ ಹಾಗೆ ಬಾಯಿ ದೊಡ್ಡದಾಗಿ ತೆರೆದಾಗ, ಗದ್ದ ಮೊದಲು ಎದೆಗೆ ತಾಗುವಂತೆ ತಟ್ಟನೆ ಹತ್ತಿರ ತರಬೇಕು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಎದೆ ಗಟ್ಟಿಯಾಗಿದ್ದರೆ ಮೊದಲು ಕೈಯಲ್ಲಿ ಸ್ವಲ್ಪ ಹಾಲು ಹಿಂಡಿದರೆ ಸುಲಭ.

ಮೆಂತೆ ಲಾಡಿನಿಂದ ನೋವೇನೂ ಹೋಗಲಿಲ್ಲ. ರುಚಿ ಚೆನ್ನಾಗಿದೆ, ಅಮ್ಮ ಇನ್ನೂ ಕಟ್ಟುತ್ತಲೇ ಇದ್ದಾರೆ! ಗಡಿಯಾರ ನೋಡಿ ಕೊಡುವುದೂ ಆಗಲಿಲ್ಲ. ಹಸುಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲಂತೆ.

ನನಗೆ ಗೊತ್ತೇ ಇರಲಿಲ್ಲ, ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಮತ್ತೆ ಬರುತ್ತದೆ. 5ನೇ ದಿನದ ನಂತರ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಅನ್ನುವುದಕ್ಕೆ ಒಳ್ಳೆಯ ಗುರುತು. ಕುಮಟೆಯ ಈ ಮಳೆಯಲ್ಲಿ ಅಷ್ಟೂ ಬಟ್ಟೆ ಒಣಗಿಸುವುದೇ ಈಗ ತಲೆನೋವು. ಅದಕ್ಕೇನಾದರೂ ಉಪಾಯ ಇದೆಯಾ?