ಹೊಸ ಕೋಚ್ ಯಾರಿಗೆ ಕೋಚ್ ಆಗಬೇಕು? ಹೊಸ ಲೈಫ್ ಕೋಚ್‌ಗಳ (ಪಾಠ ಹೇಳುವವರಲ್ಲ, ಮಾತಾಡಿಸಿ ಜನರಿಗೆ ತಮ್ಮ ನಿರ್ಧಾರ ತಾವೇ ಮಾಡಲು ನೆರವಾಗುವವರು) ಗುಂಪಿನಲ್ಲಿ ಬಂದ ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ (ಉಡುಪಿಯ ಸದಸ್ಯೆ): ನಮಸ್ಕಾರ ಸರ್. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬ್ಯಾಂಕಿನಲ್ಲಿದ್ದೆ, ಕೊನೆಯ ಕೆಲವು ವರ್ಷ ಎಚ್‌ಆರ್‌ನಲ್ಲಿ. ವಿಲೀನ ಆದಮೇಲೆ ದೂರಕ್ಕೆ ಟ್ರಾನ್ಸ್‌ಫರ್ ಬಂತು, ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ, ಕೆಲಸ ಬಿಟ್ಟೆ. ಈಗ ಕೋಚಿಂಗ್ ಕೋರ್ಸ್ ಮುಗಿಸಿದ್ದೇನೆ. ಕಾರ್ಡಿನಲ್ಲಿ ಲೈಫ್ ಕೋಚ್, ಕೆರಿಯರ್ ಕೋಚ್, ಸ್ಟ್ರೆಸ್, ರಿಲೇಶನ್‌ಶಿಪ್ ಎಲ್ಲ ಹಾಕಿಸಿದ್ದೇನೆ. ಫ್ರೀ ಸೆಷನ್‌ಗೆ ಬಂದವರೆಲ್ಲ ತುಂಬ ಚೆನ್ನಾಗಿತ್ತು ಅಂತಾರೆ, ದುಡ್ಡು ಕೊಟ್ಟು ಒಬ್ಬರೂ ಬರಲಿಲ್ಲ. ಒಂದು ನೀಶ್, ಅಂದರೆ ಇಂಥವರಿಗೇ ಅಂತ ಒಂದು ಗುಂಪು, ಆರಿಸಿಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಹೇಗೆ ಆರಿಸೋದು?

ಉತ್ತರ: ಮೇಡಂ, ನೀವು ಬರೆದ ಎರಡನೇ ಮೂರನೇ ಸಾಲಿನಲ್ಲೇ ಅದು ಇದೆ, ನಿಮ್ಮ ಕಾರ್ಡಿನಲ್ಲಿ ಮಾತ್ರ ಇಲ್ಲ.

ಬ್ಯಾಂಕು, ಟ್ರಾನ್ಸ್‌ಫರ್, ಮನೆ. ನಮ್ಮ ಕರಾವಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಕೆನರಾ, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಇಲ್ಲಿ ಹುಟ್ಟಿದವು, ಆಮೇಲೆ ಸಿಂಡಿಕೇಟ್, ವಿಜಯಾ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು, ಮರುವರ್ಷ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಬ್ಯಾಂಕಿನವರು ಇಲ್ಲದ ಮನೆತನ ಇಲ್ಲಿ ಹುಡುಕಬೇಕು. ಅವರಲ್ಲಿ ಎಷ್ಟು ಜನ ಹೆಂಗಸರು ಪ್ರಮೋಷನ್ ಬಂದರೆ ಹೆದರುತ್ತಾರೆ ಅಂತ ಎಚ್‌ಆರ್‌ನಲ್ಲಿ ಕೂತ ನಿಮಗೆ ಗೊತ್ತಿಲ್ವಾ? ಕ್ಲರ್ಕ್‌ನಿಂದ ಆಫೀಸರ್ ಆದರೆ ಎಲ್ಲಿಗೆ ಹಾಕುತ್ತಾರೋ ಗೊತ್ತಿಲ್ಲ, ಮಗಳು ಪಿಯುಸಿಯಲ್ಲಿ, ಗಂಡನ ಅಂಗಡಿ ಕುಂದಾಪುರದಲ್ಲಿ, ಅರ್ಜಿ ಹಾಕಲು ಇನ್ನು ಒಂದು ವಾರ. ಇಂಥವರು ರಾತ್ರಿ ನಿದ್ದೆ ಬಿಟ್ಟು ಯೋಚನೆ ಮಾಡ್ತಾರೆ. ಅವರಿಗೆ ಸಂಬಳ ಇದೆ, ನಿರ್ಧಾರಕ್ಕೆ ಗಡುವೂ ಇದೆ, ಆದರೆ ಮನೆಯಲ್ಲಿ ಮಾತಾಡಿದರೆ ಪ್ರತಿಯೊಬ್ಬರಿಗೂ ಒಂದೊಂದು ಲಾಭ ನಷ್ಟ ಇರುವುದರಿಂದ ಪಕ್ಷಪಾತ ಇಲ್ಲದೆ ಕೇಳುವವರು ಒಬ್ಬರೂ ಸಿಗುವುದಿಲ್ಲ.

ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಅಂತ ಬರೆದರೆ ಆ ಹೆಂಗಸು ಅದು ತನಗೆ ಅಂದುಕೊಳ್ಳುವುದಿಲ್ಲ. 'ಪ್ರಮೋಷನ್ ತಗೊಳ್ಳಬೇಕಾ ಬೇಡವಾ ಅಂತ ಒದ್ದಾಡುತ್ತಿರುವ ಬ್ಯಾಂಕ್ ಉದ್ಯೋಗಿಗಳಿಗೆ' ಅಂತ ಹಾಕಿ ನೋಡಿ. ಅವಳ ಬ್ರಾಂಚಿನ ವಾಟ್ಸ್ಯಾಪ್ ಗುಂಪಿಗೆ ಅದು ತಾನಾಗಿ ಹೋಗುತ್ತದೆ.

ಆದರೆ ನಾನು ಹೇಳಿದೆ ಅಂತ ಕಾರ್ಡು ಬದಲಿಸಬೇಡಿ. ಮೊದಲು ಪರಿಚಯದ ಬ್ಯಾಂಕಿನವರನ್ನು ಮಾತಾಡಿಸಿ, ಸೆಷನ್ ಅಂತ ಅಲ್ಲ, ಸುಮ್ನೆ ಚಹಾ ಕುಡಿಯುತ್ತಾ. ಕೋಚಿಂಗ್ ಬೇಕಾ ಅಂತ ಕೇಳಲೇಬೇಡಿ, ದಾಕ್ಷಿಣ್ಯಕ್ಕೆ ಹೂಂ ಅಂತಾರೆ. ಕಳೆದ ಸಲ ಪ್ರಮೋಷನ್ ನೋಟಿಫಿಕೇಶನ್ ಬಂದಾಗ ಏನು ಮಾಡಿದಿರಿ, ಯಾರ ಹತ್ತಿರ ಕೇಳಿದಿರಿ, ಅದಕ್ಕಾಗಿ ದುಡ್ಡೋ ರಜೆಯೋ ಖರ್ಚು ಮಾಡಿದಿರಾ ಅಂತ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. 'ಹೋದರೆ ಮನೆ ಹಾಳು, ಹೋಗದಿದ್ರೆ ನನ್ನ ಜೂನಿಯರ್ ನನ್ನ ಮ್ಯಾನೇಜರ್' ಅಂತ ಒಬ್ಬರು ನನ್ನ ಹತ್ತಿರ ಹೇಳಿದ್ದರು, ಅಂಥ ಸಾಲು ನಾವು ಕೂತು ಬರೆದರೆ ಹುಟ್ಟುವುದಿಲ್ಲ. ಇಂಥ ಗೋಳು ಯಾರಿಗೂ ಇಲ್ಲ, ಎಲ್ಲರೂ ಆರಾಮಾಗಿದ್ದಾರೆ ಅಂತಾದರೆ ಈ ಗುಂಪನ್ನು ಬಿಡಿ, ನಿವೃತ್ತಿಗೆ ಒಂದೆರಡು ವರ್ಷ ಇರುವವರನ್ನು ಕೇಳಿ ನೋಡಿ.

ಇನ್ನು ಫ್ರೀ ನಿಲ್ಲಿಸಿ. ಕೋಚ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಫ್‌ನ ಮೊದಲ ಹಂತದ ಸರ್ಟಿಫಿಕೇಟ್ ಎಸಿಸಿಗೆ 60 ಗಂಟೆ ಕಲಿಕೆ, 100 ಗಂಟೆ ಕೋಚಿಂಗ್ ಬೇಕು, ಆ 100ರಲ್ಲಿ 75 ಗಂಟೆ ದುಡ್ಡು ತಗೊಂಡು ಮಾಡಿದ್ದಾಗಿರಬೇಕು. ಸರ್ಟಿಫಿಕೇಟ್ ಬೇಡ ಅಂದರೂ ಸರಿ, ಫೀಸ್ ಕೇಳಿದಾಗ ಮಾತ್ರ ಯಾರಿಗೆ ನಿಜವಾಗಿ ಬೇಕು ಅಂತ ಗೊತ್ತಾಗುತ್ತದೆ. ಚೆನ್ನಾಗಿತ್ತು ಅಂತ ಹೇಳಲಿಕ್ಕೆ ಯಾರಿಗೂ ಏನೂ ಖರ್ಚಿಲ್ಲ ಮಾರಾಯ್ರೆ.

ಅದೇ ಸದಸ್ಯೆ: ಬರೀ ಬ್ಯಾಂಕಿನವರು ಅಂತ ಹಾಕಿದರೆ ಉಳಿದವರು ತಪ್ಪಿ ಹೋಗುವುದಿಲ್ವಾ? ಟೀಚರ್ ಒಬ್ಬರು ಬಂದರೆ ಬೇಡ ಅನ್ನಬೇಕಾ?

ಉತ್ತರ: ಯಾಕೆ ಬೇಡ ಅನ್ನಬೇಕು? ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ 'ಕಾರ್ಕಳ ಕಾರ್ಕಳ' ಅಂತ ಕೂಗ್ತಾನೆ, ದಾರಿಯಲ್ಲಿ ಮೂಡುಬಿದಿರೆಗೆ ಇಳಿಯುವವರೂ ಹತ್ತುತ್ತಾರೆ. ನಿಮ್ಮ ಬೋರ್ಡು, ಪೋಸ್ಟು, ಭಾಷಣ ಎಲ್ಲ ಒಂದೇ ಗುಂಪಿಗೆ ಇರಲಿ. ಬಂದವರಲ್ಲಿ ಯಾರನ್ನು ತಗೊಳ್ಳುವುದು ಅನ್ನೋದು ನಿಮಗೆ ಬಿಟ್ಟದ್ದು.

ಬೇಡ ಅನ್ನಲೇಬೇಕಾದ ಇಬ್ಬರಿದ್ದಾರೆ. ಒಬ್ಬರು, ವಾರಗಟ್ಟಲೆ ನಿದ್ದೆ ಊಟ ಬಿಟ್ಟವರು, ಬದುಕೇ ಬೇಡ ಅನ್ನುವವರು. ಅವರನ್ನು ಮನೋವೈದ್ಯರಿಗೆ ಕಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಕೊಡಿ, ಹೋದರಾ ಅಂತ ವಿಚಾರಿಸಿ. ಇನ್ನೊಬ್ಬರು ನಿಮ್ಮ ಹತ್ತಿರದ ಸಂಬಂಧಿಕರು. ಉಡುಪಿಯಲ್ಲಿ ನಾಲ್ಕು ಮಾತಾಡಿದರೆ ಎಲ್ಲರೂ ಒಬ್ಬರಿಗೊಬ್ಬರು ಏನಾದರೂ ಆಗಿಯೇ ಆಗಿರ್ತಾರೆ. ಸೆಷನ್‌ನಲ್ಲಿ ಕೇಳಿದ್ದು ಮದುವೆ ಹಾಲಿನಲ್ಲಿ ಬಾಯಿಗೆ ಬಂದರೆ ಅಲ್ಲಿಗೆ ಮುಗಿಯಿತು. ಒಂದೇ ಬ್ರಾಂಚಿನ ಮ್ಯಾನೇಜರ್ ಮತ್ತು ಕ್ಲರ್ಕ್ ಇಬ್ಬರೂ ಬಂದರೆ ನಾನಾದರೆ ಒಬ್ಬರನ್ನು ಬೇರೆ ಕೋಚ್ ಹತ್ತಿರ ಕಳಿಸುತ್ತೇನೆ. ಆ ಒಬ್ಬರಿಗೆ ಕಾರಣವನ್ನೂ ಹೇಳುವುದಿಲ್ಲ, ಹೇಳಿದರೆ ಇನ್ನೊಬ್ಬರು ಬರುತ್ತಿರುವ ಸಂಗತಿ ಹೊರಗೆ ಬೀಳುತ್ತದೆ.

ಪ್ರಶ್ನೆ (ಸುರತ್ಕಲ್‌ನ ಸದಸ್ಯ): ಸರ್, ನನ್ನ ಕೇಸ್ ಬೇರೆ. ವಯಸ್ಸು 29, ಐಟಿಯಲ್ಲಿದ್ದೆ. ಇಂಜಿನಿಯರಿಂಗ್ ಹುಡುಗರಿಗೆ ಆತ್ಮವಿಶ್ವಾಸದ ಕೋಚಿಂಗ್ ಮಾಡಬೇಕು ಅಂತಿದೆ. ಸುತ್ತಮುತ್ತ ಕಾಲೇಜು ಬೇಕಾದಷ್ಟು ಇವೆ.

ಉತ್ತರ: ಕಾಲೇಜು ಇವೆ, ಫೀಸ್ ಕೊಡುವವರು ಯಾರು? ಹುಡುಗನ ಜೇಬಿನಲ್ಲಿ ದುಡ್ಡಿಲ್ಲ, ಕೊಡುವುದು ಅಪ್ಪ. ಅಪ್ಪನಿಗೆ ಬೇಕಾದ್ದು ಪ್ಲೇಸ್‌ಮೆಂಟ್. ಮೂರನೇ ಸೆಷನ್‌ಗೆ ಅಪ್ಪನ ಫೋನು ಬರುತ್ತದೆ, ಮಗ ಏನು ಹೇಳಿದ ಅಂತ. ಆಗ ನೀವು ಯಾರ ಕಡೆ? ಈ ಗೊಂದಲ ಮೊದಲೇ ಬಿಡಿಸಿಕೊಳ್ಳದೆ ವಿದ್ಯಾರ್ಥಿಗಳ ಕೆಲಸಕ್ಕೆ ಇಳಿಯಬೇಡಿ ಅಂತ ನನ್ನ ಅಭಿಪ್ರಾಯ. ಇನ್ನು ಆತ್ಮವಿಶ್ವಾಸ ಅಂತ ಬರೆದರೆ, ಮೇಲೆ ಸ್ಟ್ರೆಸ್‌ಗೆ ಹೇಳಿದ ಹಾಗೆ, ಅದು ತನಗೆ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ನೀವು ಐಟಿ ಬಿಟ್ಟದ್ದು ಯಾಕೆ ಅಂತ ಬರೆದಿಲ್ಲ. ಸಪೋರ್ಟ್ ಪ್ರಾಜೆಕ್ಟ್, ನೈಟ್ ಶಿಫ್ಟ್, ಬೆಂಗಳೂರಿಗೆ ಹೋಗಬೇಕಾ ಇಲ್ಲೇ ಅಪ್ಪ ಅಮ್ಮನ ಹತ್ತಿರ ಇರಬೇಕಾ, ಇದರಲ್ಲಿ ಸಿಕ್ಕಿಹಾಕಿಕೊಂಡ ಮೂರು ನಾಲ್ಕು ವರ್ಷ ಅನುಭವದ ಹುಡುಗರು ಹುಡುಗಿಯರು ನಿಮ್ಮ ಫೋನಿನಲ್ಲೇ ಇರ್ತಾರಲ್ವಾ? ಕಳೆದ ಒಂದೆರಡು ತಿಂಗಳಲ್ಲಿ ನಿಮಗೆ ತಾವಾಗಿ ಫೋನ್ ಮಾಡಿ ಸಲಹೆ ಕೇಳಿದವರು ಯಾರು, ಏನು ಕೇಳಿದರು, ಪಟ್ಟಿ ಮಾಡಿ ಇಲ್ಲಿ ಹಾಕಿ. ಹೆಸರು ಬೇಡ.

ಇನ್ನೊಬ್ಬ ಸದಸ್ಯೆ: ತುಳುವಿನಲ್ಲಿ ಸೆಷನ್ ಮಾಡಿದರೆ ನಡೆಯುತ್ತದಾ? ಮತ್ತೆ ಶುರುವಿನಲ್ಲೇ ಜಿಎಸ್‌ಟಿ ಬೇಕಾ?

ಉತ್ತರ: ತುಳುವಿನಲ್ಲಿ ಖಂಡಿತ ಮಾಡಿ ಅಕ್ಕ. ಮನೆಯ ಜಗಳವನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಮ್ಮವರು ಅರ್ಧ ನುಂಗಿಬಿಡ್ತಾರೆ. ಮುಂಬೈ, ದುಬೈಯಲ್ಲಿರುವ ನಮ್ಮವರಿಗೂ ಆನ್‌ಲೈನ್‌ನಲ್ಲಿ ಆಗುತ್ತದೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಅನ್ನೋದು ಮಾತ್ರ ನೆನಪಿರಲಿ. ಜಿಎಸ್‌ಟಿ ನೋಂದಣಿ ಸೇವೆಯವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಬೇಕು. ಈಗ ರಸೀದಿ ಪುಸ್ತಕ ಒಂದು ತಗೊಳ್ಳಿ ಸಾಕು.