ಪದಚರ್ಚೆ: ಗ್ಯಾರೇಜಿನ 'ಕರೆಂಟ್' ಮತ್ತು ನಮ್ಮ 'ಕಿಡಿ'

ಎಲ್ಲರಿಗೂ ನಮಸ್ಕಾರ.

ಹಳೆಯ ಟೂ ಸ್ಟ್ರೋಕ್ ಬೈಕ್ ಸ್ಟಾರ್ಟ್ ಆಗದಿದ್ದರೆ ಏನೇನು ನೋಡಬೇಕು ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ನಮ್ಮ ಬೀದಿಯ ಒಂದಿಬ್ಬರು ಹುಡುಗರು ಅಂಥ ಗಾಡಿ ಕೊಂಡು ಒದ್ದಾಡುತ್ತಿದ್ದಾರೆ, ಅವರಿಗಾಗಿ. ಎರಡನೇ ಸಾಲಿನಲ್ಲೇ 'ಕರೆಂಟ್' ಅನ್ನುವ ಪದಕ್ಕೆ ಸಿಕ್ಕಿಕೊಂಡು ನಿಂತಿದ್ದೇನೆ.

ಹೋದ ತಿಂಗಳು ನನ್ನದೇ ಬೈಕ್ ದಾರಿಯಲ್ಲಿ ನಿಂತಿತು. ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ವಯಸ್ಸಾದವರು. ಸಣ್ಣ ಬಲ್ಬು ಹಿಡಿದು ನೋಡಿ, "ಕಾಯಿಲ್‌ಗೆ ಕರೆಂಟ್ ಇದೆ. ಆದ್ರೆ ಕರೆಂಟ್ ಬರ್ತಿಲ್ಲ" ಅಂದರು. ನಾನು ಕಣ್ಣು ಕಣ್ಣು ಬಿಟ್ಟೆ. (ಕಾಯಿಲ್ ಅಂದರೆ ವೋಲ್ಟ್ ಏರಿಸುವ ಎರಡು ತಂತಿ ಸುತ್ತುಗಳ ಜೋಡಿ.)

ಮೊದಲನೆಯ ಕರೆಂಟ್ ಬ್ಯಾಟರಿಯ 6 ವೋಲ್ಟ್. ಎರಡನೆಯದು ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಸುವ ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದದ್ದು. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಒಂದು ಇನ್ನೊಂದಾಗುವುದು ಪಾಯಿಂಟ್, ಅಂದರೆ ಎಂಜಿನ್ ತಿರುಗಿದಂತೆ ಮುಚ್ಚಿ ತೆರೆಯುವ ಸಣ್ಣ ಸ್ವಿಚ್ಚು, ಬಾಯಿ ಬಿಡುವ ಕ್ಷಣದಲ್ಲಿ. ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಬಿಟ್ಟ ಕೂಡಲೇ ಆ ಹರಿವು ತುಂಡಾಗಿ ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ದೊಡ್ಡ ಏಟು ಏಳುತ್ತದೆ. ಅಂದರೆ ದೋಷ ಹುಡುಕಬೇಕಾದದ್ದು ಈ ಎರಡು ಕರೆಂಟ್‌ಗಳ ನಡುವೆಯೇ. ಎರಡಕ್ಕೂ ಒಂದೇ ಪದವಾದರೆ ಓದುವವರ ಗತಿ ಏನು?

ಆದರೆ ಗ್ಯಾರೇಜಿನವರಿಗೆ ಗೊಂದಲವೇ ಇಲ್ಲ. ಅರ್ಧ ದಿನ ಅಲ್ಲೇ ಕೂತು ಕೇಳಿಸಿಕೊಂಡೆ. ಬ್ಯಾಟರಿಯದ್ದಾದರೆ 'ಕರೆಂಟ್ ಇದೆ', 'ಕರೆಂಟ್ ಇಲ್ಲ'. ಪ್ಲಗ್ಗಿನದ್ದಾದರೆ 'ಬರ್ತಿದೆ', 'ಬರ್ತಿಲ್ಲ'. ಬಣ್ಣ ಬರುವುದೂ ಪ್ಲಗ್ಗಿನದ್ದಕ್ಕೆ ಮಾತ್ರ. ಪ್ಲಗ್ ಬಿಚ್ಚಿ, ಕಾಯಿಲ್ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ 'ನೀಲಿ ಕರೆಂಟ್' ಬರಬೇಕಂತೆ. 'ಕೆಂಪು ಕರೆಂಟ್' ಬಂದರೆ ವೀಕು. ಪದ ಒಂದೇ ಆದರೂ ಜೊತೆಯ ಮಾತೇ ಅರ್ಥ ಬೇರೆ ಮಾಡುತ್ತದೆ. (ಕ್ಯಾಪನ್ನು ಬರಿಗೈಯಲ್ಲಿ ಹಿಡಿದು ಕಿಕ್ ಹೊಡೆದರೆ 'ಕರೆಂಟ್ ಹೊಡೀತು' ಅನ್ನುವ ಮೂರನೆಯದೂ ಗೊತ್ತಾಗುತ್ತದೆ.)

ಪ್ಲಗ್ಗಿನದ್ದಕ್ಕೆ ನಾನು 'ಕಿಡಿ' ಅಂತ ಬರೆದಿದ್ದೆ. ಎಲ್ಲರಿಗೂ ತಿಳಿಯುವ ಪದ, ಅಲ್ವಾ? ಅಷ್ಟರಲ್ಲಿ ಮೆಕ್ಯಾನಿಕ್ ಪಾಯಿಂಟ್ ಮುಚ್ಚಳ ತೆಗೆದು ನನ್ನನ್ನು ಕರೆದರು: "ನೋಡಿ, ಇಲ್ಲಿ ಕಿಡಿ ಹಾರ್ತಿದೆ. ಅದಕ್ಕೇ ಅಲ್ಲಿ ಕರೆಂಟ್ ಬರ್ತಿಲ್ಲ." ಪಾಯಿಂಟ್ ಬಿಡುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸತ್ತಿತ್ತು. ಕಂಡೆನ್ಸರ್ ಕೆಟ್ಟರೆ ಪಾಯಿಂಟ್ ಬಿಡುವಾಗ ಅದರ ಬಾಯಲ್ಲೇ ಬೆಂಕಿ ಏಳುತ್ತದೆ, ಪಾಯಿಂಟ್ ಸುಡುತ್ತದೆ, ಪ್ಲಗ್ಗಿಗೆ ಶಕ್ತಿ ಉಳಿಯುವುದಿಲ್ಲ. ಹೊಸದು ಹಾಕಿ, ಪಾಯಿಂಟ್ ಉಜ್ಜಿ, ಗ್ಯಾಪ್ ಸುಮಾರು 0.4 ಮಿ.ಮೀ. ಇಟ್ಟರು. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು.

ನನ್ನ ತಲೆ ಮಾತ್ರ ಅಲ್ಲೇ ನಿಂತಿತು. ಬೇಕಾದ ಕಡೆ ಹಾರುವುದು ಕರೆಂಟ್, ಬೇಡದ ಕಡೆ ಹಾರುವುದು ಕಿಡಿ! ಯೋಚಿಸಿದರೆ ನಮ್ಮ ಮಾತಿನಲ್ಲೂ ಹಾಗೇ ಇದೆ. ವೈರ್ ಶಾರ್ಟ್ ಆದರೆ ಕಿಡಿ, ಸಿಟ್ಟು ಬಂದವರು ಕಿಡಿಕಾರುತ್ತಾರೆ, ಊರು ಕೆಡಿಸುವವನು ಕಿಡಿಗೇಡಿ. ಒಳ್ಳೆಯ ಕೆಲಸ ಮಾಡುವ ಕಿಡಿ ಮಾತಿನಲ್ಲಿ ಅಷ್ಟಾಗಿ ಕಾಣದು. ಹಾಗಾದರೆ 'ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ನೋಡಿ' ಅಂತ ಬರೆದರೆ ಗ್ಯಾರೇಜಿನವರ ಕಿವಿಗೆ ಅದೇ ಒಂದು ದೋಷದ ಹಾಗೆ ಕೇಳಿಸೀತೇ? ಇದು ನನ್ನ ಮೊದಲ ಪ್ರಶ್ನೆ. 'ಸ್ಪಾರ್ಕ್' ಅಂತ ಬರೆದು ಕೈತೊಳೆದುಕೊಳ್ಳಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ.

ಎರಡನೆಯದು 'ಇಗ್ನಿಷನ್'. ಕೆಲವರು 'ದಹನ' ಅಂತ ಬರೆಯುತ್ತಾರೆ. ದಹನ ಅಂದರೆ ಇಡೀ ಉರಿಯುವಿಕೆ, ಇಲ್ಲಿ ಬೇಕಾದದ್ದು ಹೊತ್ತಿಕೊಳ್ಳುವ ಆ ಒಂದು ಗಳಿಗೆ. 'ಹೊತ್ತಿಸುವಿಕೆ' ಇನ್ನೂ ಹತ್ತಿರ. ಆಗ 'ಇಗ್ನಿಷನ್ ಟೈಮಿಂಗ್' ಸುಮ್ನೆ 'ಹೊತ್ತುವ ಹೊತ್ತು' ಆಗಿಬಿಡುತ್ತದೆ! ಹಳಗನ್ನಡದಲ್ಲಿ ಇವು ಬೇರೆ ಬೇರೆ ಪದ: ಉರಿಯುವುದು ಪೊತ್ತು, ಸಮಯ ಪೊೞ್ತು. ೞಕಾರ ಹೋಗಿ ಎರಡೂ ಒಂದಾದವು. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಹೊತ್ತಬೇಕು. ತೀರಾ ಮುಂಚೆ ಹೊತ್ತಿದರೆ ಕಿಕ್ ತಿರುಗಿ ಕಾಲಿಗೆ ಹೊಡೆಯುತ್ತದೆ, ತಡವಾದರೆ ಗಾಡಿ ಎಳೆಯುವುದಿಲ್ಲ. ಓದಲು ಚೆನ್ನಾಗಿದೆ, ಕೈಪಿಡಿಗೆ ಹೊಂದುತ್ತದೋ ಗೊತ್ತಿಲ್ಲ.

ಎಂಜಿನ್ ಆಗಾಗ ಹೊತ್ತದೆ ತಡವರಿಸುವುದಕ್ಕೆ ಹೇಳುವ 'ಮಿಸ್ಸಿಂಗ್' ಅನ್ನು ಹಾಗೇ ಬಿಟ್ಟಿದ್ದೇನೆ. 'ಗಾಡಿ ಮಿಸ್ಸಿಂಗ್' ಅಂತ ಫೋನಿನಲ್ಲಿ ಹೇಳಿದ್ದಕ್ಕೆ ನಮ್ಮಮ್ಮ ಕಳ್ಳತನ ಆಯ್ತು ಅಂದುಕೊಂಡಿದ್ದರು. 'ಮುಗ್ಗರಿಸು' ನನಗಿಷ್ಟ, ನಿಮಗೆ?

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಪ್ಲಗ್ಗಿನದ್ದಕ್ಕೆ ಏನೆನ್ನುತ್ತಾರೆ, ತಿಳಿದವರು ಬರೆಯಿರಿ. ಮೈಸೂರಿನವರ ಮೇಲೆ ನನಗೆ ಆಸೆ ಜಾಸ್ತಿ. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಿಂದ 1996ರವರೆಗೆ ಬೈಕ್ ಮಾಡಿತು. ಅಷ್ಟು ವರ್ಷ ಎಂಜಿನ್ ಜೋಡಿಸಿದವರ ಬಾಯಲ್ಲಿ ಇದಕ್ಕೊಂದು ಪದ ಇದ್ದೇ ಇರಬೇಕು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥವರಿದ್ದರೆ ದಯವಿಟ್ಟು ಕೇಳಿ ತಿಳಿಸಿ.