ಸಿಕ್ಸ್‌ಲೈನ್ ಇರೋ ಟ್ಯಾಂಕಿಗೆ ಬೇರೆ ರಾಸ್ ಮೀನು ಬಿಡಬಹುದಾ? ಇಟ್ಟು ನೋಡಿದವ್ರು ಹೇಳಿ

ಹಾಸನದವನು, ಮುಲುಂಡ್:
ಎಲ್ರಿಗೂ ನಮಸ್ಕಾರ. ನನ್ನ ಸಮುದ್ರದ ಮೀನಿನ ಟ್ಯಾಂಕು 4 ಅಡಿ ಉದ್ದ, 2 ಅಗಲ, 2 ಎತ್ತರ, ಕಲ್ಲು ಮರಳು ಕಳೆದ್ರೆ 350 ಲೀಟರ್ ನೀರು ಇರಬಹುದು, ಶುರು ಮಾಡಿ ಒಂದೂವರೆ ವರ್ಷ ಆಯ್ತು. ಎರಡು ಕ್ಲೌನು, ಒಂದು ರಾಯಲ್ ಗ್ರಾಮಾ, ಒಂದು ಸಿಕ್ಸ್‌ಲೈನ್ ರಾಸ್ ಇವೆ, ಜೊತೆಗೆ ಹವಳಗಳು: ಝೋವಾ, ಮಶ್ರೂಮ್, ಒಂದು ಲೆದರ್. ಈಗ ರಾಸ್ ಹುಚ್ಚು ಹಿಡಿದಿದೆ. ಫೇರಿ ಒಂದು, ಫ್ಲ್ಯಾಶರ್ ಒಂದು, ಮೆಲನೂರಸ್ ಒಂದು, ಲೆಪರ್ಡ್ ಒಂದು ಬಿಡ್ಬೇಕು ಅಂತಿದೀನಿ. ಅಂಗಡಿಯಲ್ಲಿ ಕೇಳಿದ್ರೆ "ಸಬ್ ಚಲೇಗಾ" ಅಂದ, ಅವನಿಗೆ ಯಾವ ಮೀನು ಕೇಳಿದ್ರೂ ಚಲೇಗಾನೇ. ಒಟ್ಟಿಗೆ ಇಟ್ಟು ನೋಡಿದವ್ರು ಇದ್ರೆ ಯಾವುದು ಮೊದಲು, ಯಾವುದು ಕೊನೆಗೆ, ನೀವು ಏನೇನು ಕಳ್ಕೊಂಡ್ರಿ ಅಂತ ಹೇಳಿ ಪ್ಲೀಸ್.

ಧಾರವಾಡದವ, ಕೋಥ್ರೂಡ್ ಪುಣೆ:
ಸರ್, ಮೊದ್ಲ ಆ ಸಿಕ್ಸ್‌ಲೈನ್ ಬಗ್ಗೆ ಮಾತಾಡೂಣು, ಉಳಿದದ್ದು ಆಮ್ಯಾಲ. ನಾನೂ ನಿಮ್ಮಂಗ ಅದನ್ನ ಶುರುವಿನಾಗ ತಂದು ಬಿಟ್ಟಿದ್ದೆ, ಬೆರಳುದ್ದ ಮೀನು ಇದೇನ್ ಮಾಡ್ತೈತಿ ಅಂತ ಹೇಳಿ. ಒಂದು ವರ್ಷ ಛಲೋ ಇತ್ತು. ಆಮ್ಯಾಲ ಕಾರ್ಪೆಂಟರ್ ಫ್ಲ್ಯಾಶರ್ ಗಂಡು ಒಂದು ತಂದ್ನಿ, ಬೆನ್ನ ಮ್ಯಾಲೆ ಉದ್ದನ್ನ ಕೆಂಪು ಎಳಿ ಇರ್ತಾವಲ್ಲ, ಅದು. ಬಿಟ್ಟ ದಿನ ಸಿಕ್ಸ್‌ಲೈನ್ ಕಚ್ಚಲೇ ಇಲ್ಲ. ಸುಮ್ನ ಅಡ್ಡ ಬಂದು ಮೈ ಬಿಲ್ಲಿನಂಗ ಬಗ್ಗಿಸಿ ಅದರ ಮುಂದ ನಿಂತ್ಕೊಳ್ಳೋದು ಅಷ್ಟ. ಊಟ ಹಾಕಿದಾಗೂ ಹಂಗ, ತಾನೂ ತಿನ್ನಂಗಿಲ್ಲ, ಅದಕ್ಕೂ ಬಿಡಂಗಿಲ್ಲ. ಮೂರನೇ ದಿನಕ್ಕ ಫ್ಲ್ಯಾಶರ್ ಹೀಟರ್ ಹಿಂದ ಮೂಲಿ ಹಿಡಿದಿತ್ತು, ಬಾಲ ಎಲ್ಲಾ ಚಿಂದಿ ಚಿಂದಿ. ನಾಲ್ಕನೇ ದಿನ ಮುಂಜಾನೆ ನೀರು ತಿರುಗಿಸೋ ಪಂಪಿಗೆ, ಅದ ಪವರ್‌ಹೆಡ್ಡಿಗೆ, ಅಂಟ್ಕೊಂಡು ಸತ್ತಿತ್ತು. ಬೈದ್ರ ಯಾರಿಗೆ ಬಯ್ಯೋದು, ತಂದವ ನಾನ.

ಆಮ್ಯಾಲ ಅದನ್ನ ಹಿಡಿಯೋ ಕತಿ. ಬಲಿ ಹಾಕಿದ್ರ ಬೀಳೂದಿಲ್ಲರಿ, ಕಲ್ಲಿನ ಸಂದಿಯೊಳಗ ಹೊಕ್ಕು ನಮ್ಮನ್ನ ನೋಡ್ಕೋತ ಕುಂದರ್ತೈತಿ. 2 ಲೀಟರ್ ಕೋಲ್ಡ್ರಿಂಕ್ ಬಾಟ್ಲಿ ಕುತ್ತಿಗಿ ಕೊಯ್ದು, ಅದನ್ನ ತಿರುಗಿಸಿ ಒಳಗ ಸಿಗಿಸಿ, ಒಂದೀಟು ಮೈಸಿಸ್ (ಮೀನಿಗೆ ಹಾಕೋ ಸಣ್ಣ ಸೀಗಡಿಯಂಥದ್ದು) ಹಾಕಿ ಇಟ್ಟೆ. ಒಂಬತ್ತು ದಿನ ಹತ್ತಿತು. ಹಿಡಿದ ಮ್ಯಾಲ ಜಗಳಗಂಟ ಡ್ಯಾಮ್ಸೆಲ್ ಮೀನಿನ ಟ್ಯಾಂಕ್ ಇರೋ ದೋಸ್ತ ಒಬ್ಬನಿಗೆ ಕೊಟ್ಟೆ, ಅಲ್ಲಿ ಅದಕ್ಕ ಸರಿಜೋಡಿ ಸಿಕ್ಕಾರ.

ಈಗ ನನ್ನ ಕಡೆ ನಾಕು ರಾಸ್ ಅದಾವ, ಮೂರು ವರ್ಷದಿಂದ ಜಗಳಿಲ್ಲ. ಯಾಕಂದ್ರ ಅವು ಬದುಕೋ ಜಾಗಾನ ಬ್ಯಾರೆ ಬ್ಯಾರೆ. ಫೇರಿ ಮತ್ತ ಫ್ಲ್ಯಾಶರ್ ನಡು ನೀರಿನಾಗ ತೇಲಿ ಬಂದಿದ್ದು ತಿಂತಾವ, ರಾತ್ರಿ ಕಲ್ಲಿನ ಸಂದಿಯಾಗ ಲೋಳೆ ಚೀಲ ಮಾಡ್ಕೊಂಡು ಅದರೊಳಗ ಮಲಗ್ತಾವ. ಮೆಲನೂರಸ್, ಹಳದಿ ರಾಸ್, ಲೆಪರ್ಡ್ ಇವು ಕಲ್ಲು ಮರಳು ಕೆದರಿ ತಿಂತಾವ, ಮರಳೊಳಗ ಮಲಗ್ತಾವ. ಚಾಳಿನಾಗ ಒಬ್ಬ ಮಾಳಿಗಿ ಮ್ಯಾಲೆ, ಒಬ್ಬ ಕೆಳಗ ಇದ್ದಂಗ, ನಳದ ಮುಂದ ಅಷ್ಟ ಭೇಟಿ. ಸಿಕ್ಸ್‌ಲೈನ್ ಮಾತ್ರ ಇಡೀ ಚಾಳ್ ನಂದು ಅಂತೈತಿ. ನಾ ಮೊದ್ಲ ಫ್ಲ್ಯಾಶರ್ ಬಿಟ್ಟೆ, ಮೂರು ವಾರ ಬಿಟ್ಟು ಲೆಪರ್ಡ್, ಆಮ್ಯಾಲ ಫೇರಿ, ಕಡೀಕ ಮೆಲನೂರಸ್. ಮೆತ್ತನ್ನವ್ರು ಮೊದ್ಲ ಮನಿ ಹಿಡೀಬೇಕು, ಜೋರಿನವ್ರು ಕಡೀಕ ಬರಬೇಕು. ಹೊಸದನ್ನ ನೇರ ಬಿಡಬ್ಯಾಡ್ರಿ, ತೂತಿರೋ ಅಕ್ರಿಲಿಕ್ ಡಬ್ಬಿ ಟ್ಯಾಂಕಿನೊಳಗ ತೂಗಿಬಿಟ್ಟು ನಾಕೈದು ದಿನ ಅದರೊಳಗ ಇಡ್ರಿ. ಹಳೇ ಮೀನು ಬಂದು ಡಬ್ಬಿಗೆ ಮೂತಿ ಬಡಿಯೋದು ನಿಂತ ಮ್ಯಾಲ ಬಿಡ್ರಿ. ಬಿಡೋ ದಿನ ಹೊರಗಿಂದ ಗ್ಲಾಸಿಗೆ ಒಂದು ಕನ್ನಡಿ ಆನಿಸ್ರಿ, ಜಗಳಗಂಟ ತನ್ನ ಮಾರಿ ಜೋಡಿ ತಾನ ಜಗಳಾಡ್ತ ಕುಂದರ್ತೈತಿ, ಹೊಸಬಗ ಒಂದೀಟು ಉಸಿರಾಡಾಕ ಸಿಗ್ತೈತಿ. ದಿನಾ ಒಂದು ತಾಸು ಸಾಕು, ಇಡೀ ದಿನ ಇಟ್ರ ಅದಕ್ಕೂ ಹುಚ್ಚ ಹಿಡಿತೈತಿ.

ಮಂಗ್ಳೂರಿನವ, ಬೋರಿವಲಿ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ನನ್ನ ಮೀನನ್ನು ಕೊಂದದ್ದು ಬೇರೆ ಮೀನಲ್ಲ ಮಾರಾಯ್ರೆ, ನನ್ನ ನೆಲ. ರಾಸ್ ಹಾರ್ತದೆ. ಹಾರುವುದಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರದ್ದು ಇನ್ನೂ ಹಾರ್ಲಿಲ್ಲ ಅಂತ ಅರ್ಥ ಅಷ್ಟೆ. ನಾನು ಬಾಲ್ಕನಿಗೆ ಹಾಕಿಸಿದ ಪಾರಿವಾಳದ ನೆಟ್ಟು ಸ್ವಲ್ಪ ಉಳಿದಿತ್ತು, ಅದನ್ನೇ ಟ್ಯಾಂಕಿನ ಮೇಲೆ ಕಟ್ಟಿ ದೊಡ್ಡ ಬುದ್ಧಿವಂತ ಆಗಿದ್ದೆ. ಅದರ ತೂತಿನಲ್ಲಿ ಪಾರಿವಾಳ ಬರುವುದಿಲ್ಲ, ಆದ್ರೆ ಫೇರಿ ರಾಸ್ ಸೂಜಿಯ ಹಾಗೆ ದಾಟಿ ಹೋಗ್ತದೆ. ಎರಡು ದಿನ ಕಾಣ್ಲಿಲ್ಲ, ಕಲ್ಲಿನ ಹಿಂದೆ ಉಂಟು ಅಂತ ಗ್ರಹಿಸಿದೆ. ಚೌತಿಗೆ ಮನೆ ಗುಡಿಸುವಾಗ ಸ್ಟ್ಯಾಂಡಿನ ಹಿಂದೆ ಸಿಕ್ಕಿತು, ನೇರಳೆ ಬಣ್ಣ ಎಲ್ಲ ಹೋಗಿ ಕಂದು, ಕಸಬರಿಗೆಯ ಕಡ್ಡಿಯಷ್ಟು ಗಟ್ಟಿ. ನನ್ನ ಹೆಂಡತಿ ಎತ್ತಿ ತೋರಿಸಿ "ನಾಲ್ಕು ಸಾವಿರದ ನುಂಗೆಲ್ ಮೀನು" (ಒಣಮೀನು) ಅಂತ ಹೇಳಿದ್ಳು, ಇವತ್ತಿಗೂ ನೆಂಟರು ಬಂದ್ರೆ ಅದೇ ಕಥೆ.

ಈಗ ಕಿಟಕಿಯ ಸೊಳ್ಳೆ ಜಾಲಿ ಮಾಡುವ ಅಲ್ಯೂಮಿನಿಯಂನವನಲ್ಲಿ ಫ್ರೇಮ್ ಮಾಡಿಸಿದ್ದೇನೆ, ಜಾಲಿ ಮಾತ್ರ ಸೊಳ್ಳೆಯದ್ದಲ್ಲ, ಅದು ಬೆಳಕು ತಡೀತದೆ, ಉಪ್ಪು ಹಿಡಿದು ಮುಚ್ಚಿಯೂ ಹೋಗ್ತದೆ. 6 ಮಿಲಿಮೀಟರ್ ತೂತಿನ ಪಾರದರ್ಶಕ ನೆಟ್ಟು ಸಿಗ್ತದೆ, ಅದು ಹಾಕಿ. ಮತ್ತೆ ಪೈಪು, ವೈರು ಬರುವ ಮೂಲೆ ನೋಡಿ, ಎಲ್ಲ ಮುಚ್ಚಿ ಅಲ್ಲೊಂದು ಎರಡು ಬೆರಳಿನ ಸಂದು ಬಿಟ್ಟಿರ್ತೇವೆ, ಮೀನಿಗೆ ಅದೇ ಸಿಗುವುದು. ಓವರ್‌ಫ್ಲೋ ಬಾಕ್ಸಿನ ಮೇಲೂ ಹಾಕಿ. ಇನ್ನೊಂದು, ರಾತ್ರಿ ಟ್ಯಾಂಕಿನ ಲೈಟು, ರೂಮಿನ ಲೈಟು ಒಟ್ಟಿಗೆ ಪಟ್ಟಂತ ಆಫ್ ಮಾಡ್ಬೇಡಿ. ಮಲಗುವ ಜಾಗ ಹುಡುಕುವಷ್ಟರಲ್ಲಿ ಕತ್ತಲಾದ್ರೆ ಗಾಬರಿಯಲ್ಲಿ ಹಾರ್ತದೆ.

ಶಿರಸಿಯವಳು, ಮಡಗಾಂವ್:
ಲೆಪರ್ಡ್ ಬಗ್ಗೆ ನಾನು ಹೇಳ್ತೀನಿ, ಯಾಕೆಂದ್ರೆ ಅದ್ರಿಂದ ಒಂದು ವಾರ ನಿದ್ದೆ ಕೆಟ್ಟೋಳು ನಾನು. ನನ್ನದು ಬ್ಲೂ ಸ್ಟಾರ್ ಅನ್ನೋ ಲೆಪರ್ಡ್ ಜಾತಿಯ ಹೆಣ್ಣು. ಬಿಟ್ಟ ಕೂಡ್ಲೇ ತಲೆ ಕೆಳಗೆ ಮಾಡಿ ಮರಳಿಗೆ ನುಗ್ಗಿತು, ಅಷ್ಟೇ, ನಾಪತ್ತೆ. ಒಂದು ದಿನ ಆಯ್ತು, ಮೂರು ದಿನ ಆಯ್ತು. ಐದನೇ ದಿನ ಮನೆಯವರು ಚಮಚ ಹಿಡ್ಕೊಂಡು ಬಂದು ಸತ್ತಿದ್ರೆ ತೆಗೀಬೇಕಲ್ಲ ನೀರು ಕೆಡುತ್ತೆ ಅಂತ ಮರಳು ಕೆದಕೋಕೆ ಹೊರಟ್ರು, ಕೈ ಹಿಡ್ಕೊಂಡು ನಿಲ್ಲಿಸಿದೆ. ಆರನೇ ದಿನ ಕಾಫಿ ಕುಡೀತಾ ಟ್ಯಾಂಕಿನ ಮುಂದೆ ಕೂತಿದ್ದೆ, ಮರಳಿನ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಏನೋ, ನೋಡ್ತಾ ಇದ್ದ ಹಾಗೇ ಅದು ತಿರುಗಿತು. ಕಣ್ಣು! ಕಣ್ಣೊಂದೇ ಹೊರಗೆ ಇಟ್ಕೊಂಡು ನನ್ನನ್ನೇ ನೋಡ್ತಾ ಇತ್ತು. ಹತ್ತು ನಿಮಿಷ ಆದ್ಮೇಲೆ ಮೈ ಕೊಡವಿ ಹೊರಗೆ ಬಂತು.

ಆದ್ರಿಂದ ಕೆದಕ್ಬೇಡಿ, ಕಾಯಿರಿ. ಬಂದ ಮೇಲೂ ಮೊದಲ ಕೆಲವು ದಿನ ಅದರ ಟೈಮು ಬೇರೆ ಇರುತ್ತೆ. ನನ್ನದು ಕೀನ್ಯಾ ಕಡೆಯಿಂದ ಬಂದದ್ದು, ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ಇಲ್ಲಿ 9ಕ್ಕೆ ಲೈಟ್ ಹತ್ತಿದ್ರೆ ಇವಳು ಎದ್ದು ಬರ್ತಿದ್ದದ್ದು ಹನ್ನೊಂದೂವರೆ ಮೇಲೆ. ಎರಡು ವಾರಕ್ಕೆ ಸರಿ ಹೋಯ್ತು. ಮರಳು ನುಣ್ಣಗಿರ್ಬೇಕು, ಎರಡು ಮೂರು ಇಂಚು ಬೇಕೇ ಬೇಕು, ದಪ್ಪ ಹವಳದ ಚೂರು ಹಾಕಿದ್ರೆ ಮೈ ಗೀಚುತ್ತೆ. ತರೋ ಮೊದಲು ಬಾಯಿ ನೋಡಿ, ಮರಳಿಲ್ಲದ ಅಂಗಡಿ ಟ್ಯಾಂಕಲ್ಲಿ ಗಾಜಿಗೇ ಮೂತಿ ಹೊಡ್ಕೊಂಡು ತುಟಿ ಕಿತ್ತು ಹೋಗಿರುತ್ತೆ, ಅಂಥದ್ದು ತಿನ್ನೋಲ್ಲ. ನಿಮ್ಮ ಕಣ್ಣೆದುರಿಗೆ ತಿಂದ್ರೆ ಮಾತ್ರ ದುಡ್ಡು ಕೊಡಿ. ಹೊಸ ಮೀನನ್ನ ಮೊದಲು ಬೇರೆ ಇಡೋ ಕ್ವಾರಂಟೈನ್ ಟ್ಯಾಂಕಿನಲ್ಲೂ ಒಂದು ಪ್ಲಾಸ್ಟಿಕ್ ಡಬ್ಬಿ ತುಂಬಾ ಮರಳು ಇಡಿ, ಧಾರವಾಡದವ್ರು ಹೇಳಿದ ಆ ಅಕ್ರಿಲಿಕ್ ಡಬ್ಬಿಯಲ್ಲೂ ಅಷ್ಟೇ. ಇವು ದಿನವಿಡೀ ಕಲ್ಲಿನ ಮೇಲಿರೋ ಕೋಪೆಪಾಡ್ ಅನ್ನೋ ಪುಟ್ಟ ಹುಳ ಹೆಕ್ಕುತ್ತಾ ಇರೋ ಮೀನು, ಹೊಸ ಟ್ಯಾಂಕಲ್ಲಿ ಹಸಿದು ಸಾಯುತ್ತೆ. ನಿಮ್ಮದು ಒಂದೂವರೆ ವರ್ಷದ್ದು ಅಂದ್ರಲ್ಲ, ಪರವಾಗಿಲ್ಲ, ಆದ್ರೆ ಆ ಸಿಕ್ಸ್‌ಲೈನ್ ಇಷ್ಟು ದಿನ ಅದೇ ಹುಳ ತಿಂದು ಕಲ್ಲು ಖಾಲಿ ಮಾಡಿರುತ್ತೆ, ಅದು ಹೋದ ಮೇಲೆ ಎರಡು ತಿಂಗಳು ಬಿಡಿ. ಊಟ ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ.

(ಗೋವಾದಲ್ಲಿ ಇರೋರಿಗೆ ಬೇರೆ ಮಾತು: ಮಳೆಗಾಲದಲ್ಲಿ ಟ್ಯಾಂಕ್ ತಂಪಿಡೋಕೆ ಫ್ಯಾನ್ ನಂಬ್ಕೋಬೇಡಿ, ಗಾಳಿಯೇ ಒದ್ದೆ ಇರೋವಾಗ ನೀರು ಆವಿ ಆಗೋಲ್ಲ, ತಂಪೂ ಆಗೋಲ್ಲ. ನಾನು ನೀರು ತಂಪು ಮಾಡೋ ಚಿಲ್ಲರ್ ತಗೊಂಡದ್ದೇ ಜೂನ್‌ನಲ್ಲಿ.)

ಹಾಸನದವನು, ಮುಲುಂಡ್:
ಅಯ್ಯೋ ಥ್ಯಾಂಕ್ಸ್ ಎಲ್ರಿಗೂ. ಅಂದ್ರೆ ಸಿಕ್ಸ್‌ಲೈನ್ ಹೊರಡಲೇಬೇಕಾ, ಮಗಳು ಅದಕ್ಕೆ ಹೆಸರು ಇಟ್ಟಿದ್ದಾಳೆ. ಇನ್ನೊಂದು ಡೌಟು, ಫೇರಿ ಎರಡು ಗಂಡು ಇಡಬಹುದಾ? ಬಣ್ಣ ಇರೋದು ಗಂಡಿಗೇ ಅಲ್ವಾ.

ಮೈಸೂರಿನವನು, ಮಾಟುಂಗಾ:
ಬೇರೆ ಬೇರೆ ಜಾತಿಯ ಎರಡು ಗಂಡು ಆಗತ್ತೆ, ಒಂದೇ ಜಾತಿಯ ಎರಡು ಗಂಡು 4 ಅಡಿಗೆ ಬೇಡ. ನೋಡೋಕೆ ಒಂದೇ ಥರ ಇರೋ ಎರಡು ಜಾತಿನೂ ಬೇಡ, ಅವು ಲ್ಯಾಟಿನ್ ಹೆಸರು ಓದಿರಲ್ಲ. ಮನುಷ್ಯರೇ ಮೋಸ ಹೋಗ್ತಾರೆ, ಮಾಲ್ಡೀವ್ಸ್‌ನ ಒಂದು ಫೇರಿ ರಾಸ್‌ನ ವರ್ಷಗಟ್ಟಲೆ ಛಾಗೋಸ್ ದ್ವೀಪಗಳ ಕಡೆಯ ಜಾತಿ ಅಂತಲೇ ಅಂದ್ಕೊಂಡಿದ್ರು, 2022ರಲ್ಲಿ ತಾನೇ ಬೇರೆ ಜಾತಿ ಅಂತ ಗೊತ್ತಾಗಿ ಸಿರಿಲಾಬ್ರಸ್ ಫಿನಿಫೆನ್ಮಾ ಅಂತ ಹೆಸರಿಟ್ಟಿದ್ದು, ಅವರ ಭಾಷೇಲಿ ಗುಲಾಬಿ ಅಂತ ಅರ್ಥ. ಆಮೇಲೆ ಹೆಣ್ಣು ಸಾಕು ಬಿಡಿ ಅಂತ ಒಂದೇ ಜಾತಿಯ ಎರಡು ಮೂರು ಹೆಣ್ಣು ತಂದ್ರೂ ಲೆಕ್ಕ ತಪ್ಪತ್ತೆ, ಗಂಡು ಇಲ್ಲದಿದ್ರೆ ಅದರಲ್ಲಿ ದೊಡ್ಡದೊಂದು ತಾನೇ ಗಂಡಾಗತ್ತೆ. ನನ್ನ ಹತ್ರ ಒಂದು ಹಾಗೆ ತಿರುಗಿತು, ವಾರಕ್ಕೊಂದು ಬಣ್ಣ ಬದಲಾಯ್ತಾ ಹೋಯ್ತು, ನನ್ನ ಅಮ್ಮ ಹೊಸ ಮೀನು ತಂದಿದೀಯ, ಸುಳ್ಳು ಹೇಳ್ಬೇಡ ಅಂತ ಗಲಾಟೆ. ಇನ್ನೊಂದು ಕಡೆ ಒಂಟಿ ಗಂಡು ಇಟ್ರೆ ಕಾಲ ಹೋದ ಹಾಗೆ ಬಣ್ಣ ಮಂಕಾಗತ್ತೆ, ತೋರಿಸೋಕೆ ಯಾರೂ ಇಲ್ವಲ್ಲ. ನಿಮ್ಮ ಲಿಸ್ಟಲ್ಲಿ ಫೇರಿ, ಫ್ಲ್ಯಾಶರ್ ಎರಡೂ ಗಂಡಾದ್ರೆ ಒಬ್ಬನ್ನ ನೋಡಿ ಇನ್ನೊಬ್ಬ ರೆಕ್ಕೆ ಬಿಚ್ಚುತ್ತಾನೆ, ಕಚ್ಚಾಟ ಇಲ್ಲ, ಸಂಜೆ ಅದೇ ಸಿನಿಮಾ.

ಮೆಲನೂರಸ್ ತಂದ್ರೆ ಚಪ್ಪಟೆ ಹುಳ, ಝೋವಾ ತಿನ್ನೋ ಕೆಲವು ಪೀಡೆ ಎಲ್ಲ ತಿನ್ನತ್ತೆ, ಒಳ್ಳೇದು. ಜೊತೆಗೆ ನಿಮ್ಮ ಸಣ್ಣ ಸೀಗಡಿನೂ ತಿನ್ನಬಹುದು, ಅದು ಹೇಳಲ್ಲ ಯಾರೂ. ಹಾಗೇ ಕ್ಲೀನರ್ ರಾಸ್ ತರಬೇಡಿ, ಪಾಪ ಅದು ಬೇರೆ ಮೀನಿನ ಮೈ ಮೇಲಿನ ಪರಾವಲಂಬಿ ತಿಂದು ಬದುಕೋದು, ಮನೆ ಟ್ಯಾಂಕಲ್ಲಿ ಅಷ್ಟು ಸಿಗಲ್ಲ. ಮೂನ್ ರಾಸ್ ತೋರಿಸಿದ್ರೆ ಕೈ ಮುಗಿದು ಬನ್ನಿ, ನೇತ್ರಾಣಿಯಲ್ಲಿ ಸ್ನಾರ್ಕೆಲ್ ಮಾಡೋವಾಗ ನೋಡಿದೀನಿ, ಹಸಿರು ಬಾಣದ ಹಾಗೆ ಹೋಗತ್ತೆ, ಅದಕ್ಕೆ ಸಮುದ್ರನೇ ಸರಿ.

ಧಾರವಾಡದವ, ಕೋಥ್ರೂಡ್ ಪುಣೆ:
ಮಗಳಿಗೆ ಹೇಳ್ರಿ ಸರ್, ಸಿಕ್ಸ್‌ಲೈನ್ ಸಾಯೂದಿಲ್ಲ, ಮನಿ ಬದಲಾಗ್ತೈತಿ ಅಷ್ಟ. ಇಟ್ಕೊಳ್ಳಲೇಬೇಕು ಅಂದ್ರ ಹಿಡಿದು ಟ್ಯಾಂಕಿನ ಕೆಳಗಿರೋ ಫಿಲ್ಟರ್ ಸಂಪಿನೊಳಗ ಇಡ್ರಿ, ನಾಕೂ ರಾಸ್ ಮನಿ ಹಿಡಿದ ಮ್ಯಾಲ ಕಡೀಕ ಬಿಡ್ರಿ. ಗ್ಯಾರಂಟಿ ನಾ ಕೊಡಂಗಿಲ್ಲ. ಬರೋ ಭಾನುವಾರ ದಾದರಿಗೆ ಬರೋದೈತಿ, ಅಕ್ರಿಲಿಕ್ ಡಬ್ಬಿ ಬೇಕಿದ್ರ ತರ್ತೇನಿ, ಕೆಲಸ ಆದ ಮ್ಯಾಲ ವಾಪಸ್ ಕೊಟ್ರ ಆತು.

ಹಾಸನದವನು, ಮುಲುಂಡ್:
ತನ್ನಿ ಸರ್, ಸ್ಟೇಷನ್‌ಗೇ ಬರ್ತೀನಿ. ನಿನ್ನೆ ರಾತ್ರಿನೇ ಬಾಟ್ಲಿ ಕೊಯ್ದು ಇಟ್ಟೆ. ಬೆಳಿಗ್ಗೆ ನೋಡಿದ್ರೆ ಒಳಗೆ ಎರಡೂ ಕ್ಲೌನು, ಮೈಸಿಸ್ ಎಲ್ಲ ಖಾಲಿ, ಸಿಕ್ಸ್‌ಲೈನ್ ಹೊರಗಿಂದ ಬಾಟ್ಲಿ ಸುತ್ತ ಸುತ್ತಿ ಸುತ್ತಿ ನೋಡ್ತಾ ಇದೆ.